ಬ್ಯಾಡಗಿಯವರ ಶೇಷಾಂಕ

ಕೆಲಸಕ್ಕೆ ಸೇರಿದ ದಿನ ಶಾಂಭವಿ ಛತ್ರದ ಎಂಬವಳು ಎಲ್ಲಕ್ಕಿಂತ ಮೊದಲು ಮಾಡಬೇಕಾಗಿ ಬಂದದ್ದು ಉಸಿರು ಬಿಡುವ ಕೆಲಸ.

ಹುಬ್ಬಳ್ಳಿಯ ನೂರ್ಕಾಲ ವಿಮಾ ಸಂಸ್ಥೆಯ ಬಾಗಿಲು ದಾಟಿದ ಕೂಡಲೇ ಗೋಡೆಯಲ್ಲೊಂದು ಉಸಿರುಗನ್ನಡಿ ಇತ್ತು. ಅಂಗೈ ಅಗಲದ ಕಪ್ಪು ಗಾಜು. ಕನ್ನಡಕ ಒರೆಸಿಕೊಳ್ಳುವಾಗ ಬಿಡುತ್ತೇವಲ್ಲ, ಹಾಗೆ ‘ಹಾ’ ಎಂದು ಅದರ ಮೇಲೆ ಉಸಿರು ಬಿಟ್ಟರೆ ಆಯಿತು. ಗಾಜಿನ ಮೇಲೆ ಮಂಜು ಕಟ್ಟಿ, ಮೆಲ್ಲಗೆ ಕರಗಿ, ಒಳಗಿಂದ ಒಂದು ಸಂಖ್ಯೆ ಮೇಲೆ ಬರುತ್ತದೆ. ಆ ಮಂಜು ಕರಗುವಷ್ಟು ಹೊತ್ತು ಶಾಂಭವಿ ಗಾಜಿನಿಂದ ಕಣ್ಣು ಕೀಳಲಿಲ್ಲ. ಅವಳ ಊರಾದ ಬ್ಯಾಡಗಿಯವರಿಗೆ ಕನ್ನಡಿ ಎಂದೂ ಒಳ್ಳೆಯ ಸುದ್ದಿ ಹೇಳಿದ್ದಿಲ್ಲ.

ಸಂಖ್ಯೆ ಹಸಿರು ಬಣ್ಣದಲ್ಲಿ ಮೂಡಿತು. ಎಂಬತ್ತನಾಲ್ಕು.

“ಬಾಳ ಛಲೋ ಬಂತಲ್ರೀ ಮೇಡಂ,” ಎಂದ ಪಕ್ಕದಲ್ಲಿ ನಿಂತಿದ್ದ ಫಯಾಜ್ ಮುಲ್ಲಾ. ಸಂಸ್ಥೆಯ ಕನ್ನಡಿಗಳ ಉಸ್ತುವಾರಿ ನೋಡುವ ಎಂಜಿನಿಯರ್. “ಬ್ಯಾಡಗಿಯವ್ರದು ಹಸಿರು ಬಂದದ್ದು ನಾ ಇವತ್ತ ನೋಡಿದ್ದು.”

“ಐದು ವರ್ಷ ಆತ್ರಿ ನಾ ಧಾರವಾಡದ ಹಾಸ್ಟೆಲ್‌ನ್ಯಾಗ ಇದ್ದು,” ಎಂದಳು ಶಾಂಭವಿ. ಯಾಕೆ ಹಾಗೆ ಸಮಜಾಯಿಷಿ ಕೊಟ್ಟೆ ಎಂಬುದು ಅವಳಿಗೂ ತಿಳಿಯಲಿಲ್ಲ.

ಆ ಸಂಖ್ಯೆಗೆ ಶೇಷಾಂಕ ಎಂದು ಹೆಸರು. ಜನ ಅದನ್ನು ಕತ್ತರಿಸಿ ಬರೀ ‘ಶೇಷ’ ಎನ್ನುತ್ತಿದ್ದರು. ಮನುಷ್ಯನ ಉಸಿರಿನಲ್ಲಿ ಸಾವಿರಾರು ಬಗೆಯ ಕಣಗಳಿರುತ್ತವೆ. ಯಕೃತ್ತು ಬಳಲಿದರೆ ಒಂದು, ಪುಪ್ಪುಸ, ಅಂದರೆ ಶ್ವಾಸಕೋಶ, ಬಾತರೆ ಇನ್ನೊಂದು, ಹೀಗೆ ಒಳಗೆ ನಡೆಯುವುದರ ಗುರುತು ಉಸಿರಿನಲ್ಲಿ ಹೊರಬೀಳುತ್ತದೆ. ಕನ್ನಡಿ ಆ ಗುರುತುಗಳನ್ನು ಹಿಡಿದು ಸಂಸ್ಥೆಯ ಗಣಕಗಳಿಗೆ ಕಳಿಸುತ್ತದೆ. ಅಲ್ಲಿ ಕೂತಿರುವ ಗಣಿತದ ಮಾದರಿ, ಹಿಂದೆ ಇಂಥದೇ ಉಸಿರು ಬಿಟ್ಟವರಲ್ಲಿ ಯಾರು ಉಳಿದರು, ಯಾರು ಹೋದರು ಎಂದು ತಾಳೆ ನೋಡಿ ಉತ್ತರ ಕೊಡುತ್ತದೆ: ಇಂಥ ನೂರು ಜನರಲ್ಲಿ ಹತ್ತು ವರ್ಷದ ಮೇಲೆ ಇಷ್ಟು ಜನ ಬದುಕಿರುತ್ತಾರೆ. ಪ್ರತಿವರ್ಷ ಹೊಸ ಸಾವುಗಳಿಂದ ಪಾಠ ಕಲಿತು ಮಾದರಿ ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ.

ವಿಮೆಯ ಕಂತು ನಿಗದಿಗೆಂದು ಹುಟ್ಟಿದ ಸಂಖ್ಯೆ ಅಲ್ಲಿಗೇ ನಿಲ್ಲಲಿಲ್ಲ. ಆಸ್ಪತ್ರೆಗಳಲ್ಲಿ ಆಪರೇಷನ್‌ ಕೋಣೆಗಳು ಕಡಿಮೆ, ಸರದಿ ಉದ್ದ. ಹೆಚ್ಚು ವರ್ಷ ಬದುಕುವವರಿಗೆ ಮೊದಲು ಚಿಕಿತ್ಸೆ ಕೊಟ್ಟರೆ ನಾಡಿಗೇ ಲಾಭ ಎಂದು ನಿಯಮ ಬಂತು. ಶೇಷ ನಲವತ್ತಕ್ಕಿಂತ ಕೆಳಗಿದ್ದವರು ಕೆಂಪು ಪಂಗಡ. ಅವರ ಸರದಿ ಕೊನೆಗೆ. ಆಮೇಲೆ ಹೆಣ್ಣು ಕೇಳಲು ಬಂದವರು ಶೇಷ ಕೇಳತೊಡಗಿದರು. ಬಾಡಿಗೆ ಮನೆಯವರು ಕೇಳಿದರು. ಶಾಲೆಯ ಬಸ್ಸು ಓಡಿಸುವವರನ್ನು ಕೇಳಿದರು. ಇಡೀ ಬ್ಯಾಡಗಿ ಕೆಂಪಾಗಿತ್ತು. ಮೆಣಸಿನಕಾಯಿಯಿಂದ ಹೆಸರಾದ ಊರನ್ನು ಜನ ಈಗ ಬೇರೆಯೇ ಅರ್ಥದಲ್ಲಿ ಕೆಂಪೂರು ಎನ್ನುತ್ತಿದ್ದರು.

ಶಾಂಭವಿಯ ಅವ್ವ ರತ್ನವ್ವ ಅಲ್ಲಿಯ ಮಾರುಕಟ್ಟೆ ಅಂಗಳದ ಷೆಡ್ಡಿನಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರಲ್ಲೊಬ್ಬಳು. ಮಗಳು ಧಾರವಾಡದಲ್ಲಿ ವಿಮಾ ಗಣಿತ ಓದುತ್ತಾಳೆ ಎಂದಾಗ ಜೊತೆಯವರು ಅದೇನೆಂದು ಕೇಳಿದ್ದರು. “ಮಂದಿ ಯಾವಾಗ ಸಾಯ್ತಾರಂತ ಲೆಕ್ಕಾ ಹಾಕೂ ಓದಂತ,” ಎಂದು ರತ್ನವ್ವ ಸಂಕೋಚದಿಂದ ಹೇಳಿದ್ದಳು. ಅಂದಿನಿಂದ ಶಾಂಭವಿ ರಜೆಗೆ ಹೋದರೆ ಓಣಿಯ ಕೆಲವರು ಅವಳ ಕಣ್ಣಿಗೆ ಬೀಳದೆ ಒಳಗೆ ಸರಿಯುತ್ತಿದ್ದರು. ಶಾಂಭವಿಗೆ ನಗು ಬರುತ್ತಿತ್ತು. ಅವಳಿಗೆ ಆ ಓದು ಹಿಡಿಸಿತ್ತು. ಮರಣದ ಕೋಷ್ಟಕಗಳನ್ನು ಮೊದಲ ಸಲ ಬಿಡಿಸಿದಾಗ, ಕಣ್ಣಿಗೆ ಕಾಣದ ದೊಡ್ಡದೊಂದು ಕೈ ಎಲ್ಲರನ್ನೂ ಹಿಡಿದಿರುವ ಹಾಗೆ ಅನಿಸಿತ್ತು. ಜೊತೆಯ ಹುಡುಗಿಯರು ಪರೀಕ್ಷೆಗೆಂದು ಬಾಯಿಪಾಠ ಮಾಡುತ್ತಿದ್ದ ಸೂತ್ರಗಳನ್ನು ಇವಳು ಬಟ್ಟೆ ಒಗೆಯುವಾಗ ಹಾಡಿನ ಹಾಗೆ ಗುನುಗುತ್ತಿದ್ದಳು. ಕ್ಯಾಂಪಸ್ಸಿಗೆ ಬಂದ ನೂರ್ಕಾಲದವರು ಆರಿಸಿಕೊಂಡದ್ದು ಅವಳೊಬ್ಬಳನ್ನೇ.

ಅವಳಿಗೆ ಸಿಕ್ಕ ಕೆಲಸ ತಾಳೆ ನೋಡುವುದು. ಮಾದರಿ ಇಷ್ಟು ಸಾವು ಎಂದಿತ್ತು, ನಿಜವಾಗಿ ಎಷ್ಟಾದವು? ಎರಡರ ನಡುವೆ ಅಂತರವಿದ್ದರೆ ಯಾಕೆ? ಹಿರಿಯ ವಿಮಾ ಗಣಿತಜ್ಞ ಪ್ರಹ್ಲಾದ ಕಟ್ಟಿ ಅವಳ ಮೇಲಿನವರು. ಅರವತ್ತರ ಹತ್ತಿರದ ವಯಸ್ಸು, ಮಾತು ಮೆತ್ತಗೆ. ಗೋಡೆ ತುಂಬ ರಾಜ್ಯದ ನಕಾಶೆ ಹೊಳೆಯುತ್ತಿದ್ದ ನಿಯಂತ್ರಣ ಕೋಣೆಗೆ ಅವಳನ್ನು ಕರೆದೊಯ್ದು ತೋರಿಸಿದರು.

“ನೋಡ್ರಿ, ಎಲ್ಲಾ ಊರಾಗೂ ಹೆಚ್ಚು ಕಡಿಮಿ ಆಗ್ತದ. ನಿಮ್ಮೂರಾಗ ಮಾತ್ರ ನಾವು ಹೇಳಿದಷ್ಟೇ ಮಂದಿ, ಹೇಳಿದ ವರ್ಷದಾಗೇ ಹೋಗ್ತಾರ. ಮಾದರಿ ಅಂದ್ರ ಹಿಂಗಿರಬೇಕು.”

ಹೆಮ್ಮೆಯಿಂದ ಹೇಳಿದವರಿಗೆ ತಾನು ಯಾರ ಮುಂದೆ ಹೇಳುತ್ತಿದ್ದೇನೆಂದು ಆಮೇಲೆ ಹೊಳೆದಿರಬೇಕು. “ಕ್ಷಮಿಸ್ರಿ,” ಎಂದರು. ಶಾಂಭವಿ ಪರವಾಗಿಲ್ಲ ಎಂದಳು. 

*

ಆ ವರ್ಷ ದೀಪಾವಳಿಗೆ ಮುಂಚೆ ಬ್ಯಾಡಗಿಯಲ್ಲಿ ಪಕ್ಕದ ಮನೆಯ ನಿಂಗಪ್ಪ ಕಾಕಾ ತೀರಿಕೊಂಡ. ಮೆಣಸಿನಕಾಯಿ ಚೀಲಗಳನ್ನು ಬೆನ್ನ ಮೇಲೆ ಹೂವಿನ ಹಾಗೆ ಹೊತ್ತು ನಡೆಯುತ್ತಿದ್ದ ಹಮಾಲ. ಹರ್ನಿಯಾ ಆಗಿತ್ತು. ಕೆಂಪು ಪಂಗಡ ಎಂದು ಆಪರೇಷನ್ ಮುಂದೆ ಮುಂದೆ ಹೋಗುತ್ತಿತ್ತು. ಒಂದು ದಿನ ಕರುಳು ಸಿಕ್ಕಿಕೊಂಡು ಕಪ್ಪಾಯಿತು, ಅಷ್ಟೇ.

ಅದಾದ ಮೇಲೆ ರತ್ನವ್ವನಿಗೂ ಹೊಟ್ಟೆನೋವು ಎಂದು ತಿಳಿದಾಗ ಶಾಂಭವಿ ಒಂದು ಮಾತೂ ಕೇಳದೆ ಅವ್ವನನ್ನು ಹುಬ್ಬಳ್ಳಿಯ ತನ್ನ ಬಾಡಿಗೆ ಮನೆಗೆ ಕರೆತಂದಳು. ಪಿತ್ತಕೋಶದಲ್ಲಿ ಕಲ್ಲು ಎಂದರು ಡಾಕ್ಟರು. ತೆಗೆಸಲೇಬೇಕು. ಆದರೆ ರತ್ನವ್ವನ ಶೇಷ ಮೂವತ್ತೊಂದು. ಸರದಿ ಯಾವಾಗ ಬರುತ್ತದೋ ಹೇಳುವವರಿಲ್ಲ.

ರತ್ನವ್ವ ಮಗಳ ಮನೆಯಲ್ಲಿ ಸಪ್ಪೆ ಊಟ ಮಾಡಿಕೊಂಡು ದಿನ ತಳ್ಳಿದಳು. ಖಾರ ಮುಟ್ಟಬಾರದೆಂದು ಡಾಕ್ಟರ ಆಜ್ಞೆ. “ಇದೇನ್ ಬಾಳೇವು ಅಂತೀನಿ, ದವಾಖಾನಿ ಗಂಜಿ ಕುಡಿದಂಗ,” ಎಂದು ಗೊಣಗುತ್ತಿದ್ದಳು. ತಿಂಗಳು ಕಳೆದ ಮೇಲೆ ವರ್ಷಕ್ಕೊಮ್ಮೆ ಕನ್ನಡಿಗೆ ಉಸಿರು ಬಿಡುವ ದಿನ ಬಂತು. ಮಗಳು ಜೊತೆಗೆ ಹೋಗಿ ವಾರ್ಡಿನ ಕಚೇರಿಯಲ್ಲಿ ಸಾಲಿಗೆ ನಿಲ್ಲಿಸಿದಳು. ರತ್ನವ್ವ ಸೆರಗಿನಿಂದ ಬಾಯಿ ಒರೆಸಿಕೊಂಡು, ಕಣ್ಣು ಮುಚ್ಚಿ ಉಸಿರು ಬಿಟ್ಟಳು.

ಮಂಜು ಕರಗಿತು. ಎಪ್ಪತ್ತೆರಡು. ಹಸಿರು.

ಶಾಂಭವಿ ಅವ್ವನನ್ನು ಅಲ್ಲೇ ಅಪ್ಪಿಕೊಂಡಳು. ಸಂಜೆಯೊಳಗೆ ಆಸ್ಪತ್ರೆಯಿಂದ ಕರೆ ಬಂತು, ಮುಂದಿನ ಶುಕ್ರವಾರ ಆಪರೇಷನ್. ರತ್ನವ್ವ ಸೀರೆಯ ಗಂಟಿನಿಂದ ನೂರರ ನೋಟು ತೆಗೆದು “ಪೇಡೆ ತಗೊಂಬಾ” ಎಂದಳು.

ಪೇಡೆಯ ಅಂಗಡಿಯ ಮುಂದೆ ನಿಂತಾಗ ಶಾಂಭವಿಗೆ ಮೊದಲ ಸಲ ಭಯ ಹೊಕ್ಕಿತು. ಪಿತ್ತಕೋಶದಲ್ಲಿ ಕಲ್ಲಿಟ್ಟುಕೊಂಡವಳ ಶೇಷ ಒಂದು ತಿಂಗಳಲ್ಲಿ ಇಷ್ಟು ಏರುವುದೆಂದರೇನು? ಓದಿದ್ದರಲ್ಲಿ ಎಲ್ಲೂ ಇಂಥದು ಇರಲಿಲ್ಲ. ಅವ್ವ ಬದಲಾಗಿರಲಿಲ್ಲ. ಬದಲಾದದ್ದು ಅವಳು ಉಸಿರಾಡಿದ ಗಾಳಿ.

*

ಮರುದಿನ ಅವಳು ಕನ್ನಡಿಗಳ ಪ್ರಯೋಗಾಲಯಕ್ಕೆ ಒಂದು ಚೀಲ ಒಣ ಮೆಣಸಿನಕಾಯಿ ಹೊತ್ತು ಹೋದಳು. ಫಯಾಜ್ ನಕ್ಕ. “ಮೇಡಂ, ಬಜಿ ಮಾಡೂದು ಐತೇನು?”

ಇಬ್ಬರೂ ಕೆಮ್ಮುತ್ತ, ಕಣ್ಣೀರು ಒರೆಸಿಕೊಳ್ಳುತ್ತ ಬಾಗಿಲು ಮುಚ್ಚಿದ ಕೋಣೆಯಲ್ಲಿ ತೊಟ್ಟು ಬಿಡಿಸಿದರು. ಮಧ್ಯಾಹ್ನದ ತನಕ ಬಿಡಿಸಿದರು. ಆಮೇಲೆ ಹೊರಗೆ ಬಂದು, ಮುಖ ತೊಳೆದು, ಚಹಾ ಕುಡಿದು, ಪರೀಕ್ಷೆಗಿಟ್ಟ ಕನ್ನಡಿಯ ಮುಂದೆ ನಿಂತರು.

ಫಯಾಜ್ ಊರಿನ ಕ್ಲಬ್ಬಿನಲ್ಲಿ ಫುಟ್‌ಬಾಲ್ ಆಡುವವ. ಅವನ ಶೇಷ ಎಂಬತ್ತೆಂಟು. ಕನ್ನಡಿ ನಲವತ್ತಾರು ಎಂದಿತು. ಅವನ ನಗು ನಿಂತಿತು.

“ಖಾರದ ಧೂಳಿ ಒಳಗ ಹೋಗಿ, ರಕ್ತದಾಗ ಕೂಡಿ, ಉಸಿರಿನ್ಯಾಗ ಬರಾಕತ್ತೈತಿ,” ಎಂದ ಅವನು ಪರದೆಯ ಗೆರೆಗಳನ್ನು ನೋಡುತ್ತ. “ಕನ್ನಡಿ ಅದನ್ನ ಪುಪ್ಪುಸದ ರೋಗ ಅಂತ ತಿಳ್ಕೊಳ್ಳಾಕತ್ತೈತಿ. ನಮ್ಮ ಕನ್ನಡಿ ಮೊದಲು ಕಲ್ತದ್ದು ಬ್ಯಾರೆ ದೇಶದ ಮಂದಿ ಉಸಿರಿನಿಂದ. ಅಲ್ಲೆ ಯಾರು ಮೆಣಸಿನಕಾಯಿ ನಡುವ ಜೀವನಾ ಮಾಡ್ತಾರ?” ಸ್ವಲ್ಪ ಹೊತ್ತು ಬಿಟ್ಟು ಸಮಾಧಾನದ ದನಿಯಲ್ಲಿ ಹೇಳಿದ. “ಛಲೋನ ಆತಲ್ರೀ. ನಿಮ್ಮೂರಿನ ಮಂದಿಗೆ ಏನೂ ಆಗಿಲ್ಲ ಅಂದಂಗಾತು.”

 ಶಾಂಭವಿ ಕುರ್ಚಿ ಎಳೆದುಕೊಂಡು ಪರದೆಯನ್ನೇ ನೋಡುತ್ತ ಕೂತಳು.

“ಏನಾತ್ರಿ?”

“ಏನೂ ಆಗಿಲ್ಲ ಅಂದ್ರ, ಲೆಕ್ಕಾ ಹೆಂಗ ಸರಿ ಬಂತು ಫಯಾಜ್? ನಾವು ಹೇಳಿದಷ್ಟೇ ಮಂದಿ ಸತ್ತಾರಲ್ಲ. ರೋಗ ಇಲ್ಲದವ್ರು ಹೆಂಗ ಸತ್ರು?”

ಅವನಿಗೂ ಅರ್ಥವಾಯಿತು. ಕೈಯಲ್ಲಿದ್ದ ಚಹಾದ ಲೋಟವನ್ನು ಮೇಜಿನ ಮೇಲಿಡಲು ಮರೆತು ಹಾಗೇ ನಿಂತ.

ಅವಳು ಯಾವ ಕಡತವನ್ನೂ ತೆರೆಯಬೇಕಾಗಿರಲಿಲ್ಲ. ಓಣಿಯಲ್ಲಿ ತೀರಿಹೋದವರೆಲ್ಲ ಅವಳಿಗೆ ಗೊತ್ತಿದ್ದವರು. ನಿಂಗಪ್ಪ ಕಾಕಾನ ಹರ್ನಿಯಾ. ಚೊಚ್ಚಲ ಹೆರಿಗೆಗೆ ದೊಡ್ಡಾಸ್ಪತ್ರೆಯವರು ಸೇರಿಸಿಕೊಳ್ಳದೆ ಆಂಬುಲೆನ್ಸಿನಲ್ಲೇ ರಕ್ತ ಹರಿದು ಹೋದ ಶೋಭಾ. ಬರೀ ಡೆಂಗಿ ಜ್ವರಕ್ಕೆ ಹಾಸಿಗೆ ಸಿಗದ ಕನ್ನಡ ಮಾಸ್ತರು. ಶೇಷ ಕೆಂಪೆಂದು ಗಿರಣಿಯ ಕೆಲಸದಿಂದ ತೆಗೆದ ಮೇಲೆ ಕುಡಿದು ಕುಡಿದು ಮುಗಿದ ಬಸಣ್ಣ. ಯಾರದೂ ಪುಪ್ಪುಸದ ರೋಗವಲ್ಲ. ಕನ್ನಡಿ ಸಾವು ಎಂದಿತ್ತು. ಸಾವು ಎಂದದ್ದಕ್ಕೇ ಜನ ಅವರನ್ನು ಕೈಬಿಟ್ಟರು. ಕೈಬಿಟ್ಟದ್ದಕ್ಕೆ ಸತ್ತರು. ಸತ್ತದ್ದನ್ನು ನೋಡಿ ಮಾದರಿ ತಾನು ಹೇಳಿದ್ದೇ ನಿಜವೆಂದು ಪಾಠ ಕಲಿಯಿತು. ಮುಂದಿನ ವರ್ಷ ಖಾರದ ಗುರುತು ಕಂಡವರಿಗೆ ಇನ್ನಷ್ಟು ಕಡಿಮೆ ಅಂಕ ಕೊಟ್ಟಿತು.

ಆಗ ನೆನಪಾಯಿತು. ಮಾದರಿಯ ಹೊಸ ಆವೃತ್ತಿ ಸೋಮವಾರ ಜಾರಿಗೆ ಬರುವುದಿತ್ತು. ತಾಳೆ ಸರಿಯಿದೆ ಎಂದು ಸಹಿ ಮಾಡಬೇಕಾದವಳು ಅವಳೇ.

ನಿಯಂತ್ರಣ ಕೋಣೆಗೆ ಹೋಗಿ ಹೊಸ ಆವೃತ್ತಿಯನ್ನು ಹಳೆಯ ಉಸಿರುಗಳ ಮೇಲೆ ಓಡಿಸಿ ನೋಡಿದಳು. ನಕಾಶೆಯಲ್ಲಿ ಬ್ಯಾಡಗಿಯ ಚುಕ್ಕಿ ಮೊದಲಿನಿಂದಲೂ ಕೆಂಪು. ಅದರ ಸುತ್ತ ಹಾವೇರಿ ಕೆಂಪಾಯಿತು. ರಾಣೆಬೆನ್ನೂರು ಆಯಿತು. ಆಮೇಲೆ ದೂರದೂರಿನ ಹಳ್ಳಿಗಳು ಚದುರಿದ ಕಿಡಿಗಳ ಹಾಗೆ ಹೊತ್ತಿಕೊಂಡವು. ಆ ಹಳ್ಳಿಗಳಲ್ಲಿ ಮೆಣಸಿನಕಾಯಿ ವ್ಯಾಪಾರವೇ ಇಲ್ಲವಲ್ಲ ಎಂದು ಒಳಹೊಕ್ಕು ನೋಡಿದರೆ, ಕೆಂಪಾದವರಲ್ಲಿ ಗಂಡಸರು ಬೆರಳೆಣಿಕೆ. ಉಳಿದವರೆಲ್ಲ ಹೆಂಗಸರು. ಮನೆಯಲ್ಲಿ ಒಲೆ ಮುಂದೆ ಮೆಣಸಿನಕಾಯಿ ಹುರಿದು, ಕುಟ್ಟಿ, ಒಗ್ಗರಣೆ ಹಾಕುವವರು. ಕೆಂಪು ಎನ್ನಲು ಮಾದರಿಗೆ ಈಗ ಅಷ್ಟು ಖಾರವೇ ಸಾಕಾಗಿತ್ತು.

ಅಡುಗೆ ಮಾಡುವ ಹೆಂಗಸರಿಗೆಲ್ಲ ಸೋಮವಾರದಿಂದ ಆಸ್ಪತ್ರೆಯ ಬಾಗಿಲು ಮುಚ್ಚುತ್ತದೆ. ವರ್ಷ ಕಳೆದ ಮೇಲೆ ಲೆಕ್ಕ ಕೂಡ ಸರಿ ಬರುತ್ತದೆ.

*

ಕಟ್ಟಿಯವರು ಎಲ್ಲವನ್ನೂ ಕೇಳಿಸಿಕೊಂಡರು.  ಮುಗಿದ ಮೇಲೆ ಎದ್ದು ಕೋಣೆಯ ಬಾಗಿಲು ಹಾಕಿದರು.

“ಶಾಂಭವಿ, ಮಾದರಿ ತಪ್ಪು ಅಂತ ಹೆಂಗ ಹೇಳ್ತೀರಿ? ಹೇಳಿದಷ್ಟೇ ಮಂದಿ ಸತ್ತಾರ.”

“ಹೇಳಿದ್ದಕ್ಕೇ ಸತ್ತಾರ್ರೀ ಸರ್.”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮುಖ ಒಮ್ಮೆಲೇ ಮುದಿಯಾದ ಹಾಗೆ ಕಂಡಿತು. “ನನ್ನ ಮಗನಿಗೆ ಹೋದ ವರ್ಷ ಕಿಡ್ನಿ ಹಾಕಿದ್ರು, ನಿಮಗ ಗೊತ್ತಿರಲಿಕ್ಕಿಲ್ಲ. ಅವನ ಶೇಷ ಹಸಿರಿತ್ತು ಅಂತ ಸಿಕ್ತು. ಅವನಕಿಂತ ಮುಂದಿದ್ದವರೊಬ್ಬರು ಕೆಂಪು ಪಂಗಡದವರು. ಯಾರು, ಯಾವ ಊರು, ನಾ ಕೇಳಲಿಲ್ಲ. ಈಗ ನೀವು ಹೇಳೂದು ಖರೇ ಅಂತಾದ್ರ, ನಾ ಅದನ್ನ ತಿಳ್ಕೊಬೇಕಾಗ್ತದ.” ಕನ್ನಡಕವನ್ನು ಮತ್ತೆ ಹಾಕಿಕೊಂಡರು. “ನನಗ ಆಗೂದಿಲ್ಲ.”

ಶಾಂಭವಿ ಅವರ ಮೇಲೆ ಸಿಟ್ಟಾಗಲು ಬಂದವಳು. ಸಿಟ್ಟು ಹುಟ್ಟಲಿಲ್ಲ. ಎದುರಿಗೆ ಕೂತಿದ್ದವರು ತನ್ನಷ್ಟೇ ಹೆದರಿದ್ದರು.

“ಸರ್, ನಾ ಸಹಿ ಮಾಡೂದಿಲ್ಲ.”

“ನೀವು ಮಾಡದಿದ್ರ ಇನ್ನೊಬ್ಬರು ಮಾಡ್ತಾರ.”

“ಸರ್ಕಾರದ ವಿಮಾ ಪ್ರಾಧಿಕಾರಕ್ಕ ಆಕ್ಷೇಪಣೆ ಕಳಿಸ್ತೀನಿ. ಸಹಿ ಮಾಡಬೇಕಾದವ್ರೇ ಆಕ್ಷೇಪಣೆ ಕಳಿಸಿದ್ರ ಆವೃತ್ತಿ ನಿಲ್ಲಬೇಕಲ್ರೀ.”

“ನಿಲ್ತದ.” ಕಟ್ಟಿಯವರು ಅವಳತ್ತ ನೇರವಾಗಿ ನೋಡಿದರು. “ಇನ್ನೊಂದು ನಿಯಮನೂ ಅದ. ಕನ್ನಡಿ ಮ್ಯಾಲೆ ತಕರಾರು ಬಂದ್ರ, ತೀರ್ಮಾನ ಆಗೂ ತನಕ ತಕರಾರಿಗೆ ಬಂದ ಊರಿನವರ ಹೊಸ ಅಂಕ ಯಾವುದೂ ನಡಿಯೂದಿಲ್ಲ. ಹಿಂದಿನ ವರ್ಷದ್ದೇ ಖಾಯಂ. ನಿಮ್ಮ ತಾಯಿ ಮತ್ತ ಮೂವತ್ತೊಂದಕ್ಕ ಬರ್ತಾರ. ಆಪರೇಷನ್ ಯಾವಾಗ?”

“ಮುಂದಿನ ವಾರ, ಶುಕ್ರವಾರ.”

“ಶುಕ್ರವಾರ ಮುಗೀಲಿ. ಆಮ್ಯಾಲೆ ನಾನೂ ನಿಮ್ಮ ಜೋಡಿ ಬರ್ತೀನಿ.”

“ಸೋಮವಾರ ಜಾರಿ ಆದ ಮ್ಯಾಲೆ ಕೆಂಪಾದವ್ರೆಲ್ಲಾರ ಆಪರೇಷನ್ ಅವತ್ತೇ ರದ್ದಾಗ್ತಾವಲ್ರೀ ಸರ್.”

ಕಟ್ಟಿಯವರು ಎದ್ದು ಬಾಗಿಲು ತೆರೆದರು.

*

ಮನೆಗೆ ಬಂದಾಗ ರತ್ನವ್ವ ಅಡುಗೆಮನೆಯ ಕಟ್ಟೆಯ ಮೇಲೆ ಆಸ್ಪತ್ರೆಗೆ ಒಯ್ಯುವ ಸಾಮಾನು ಹರವಿಕೊಂಡಿದ್ದಳು. ಎರಡು ಸೀರೆ, ತಟ್ಟೆ, ಲೋಟ, ಹೊದಿಕೆ. ಶಾಂಭವಿ ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದಳು. ಗಣಿತ ಬಿಟ್ಟು ಬಿಡಿಸಿ ಹೇಳಿದಳು. ರತ್ನವ್ವ ಹೊದಿಕೆಯ ಮಡಿಕೆಯನ್ನು ಮತ್ತೆ ಮತ್ತೆ ಸವರುತ್ತ ಕೇಳಿದಳು.

“ಹಂಗಾದ್ರ ನಮಗ್ಯಾರಿಗೂ ಏನೂ ಆಗಿದ್ದಿಲ್ಲ?”

“ಇಲ್ಲವ್ವಾ.”

“ಶೋಭಾಗ?”

“ಆಕಿಗೂ ಇಲ್ಲ.”

 ರತ್ನವ್ವ ಹೊಟ್ಟೆಯ ಬಲಗಡೆಗೆ ಕೈ ಒತ್ತಿಕೊಂಡಳು. ನೋವು ಬಂದಿತ್ತೋ, ಬರಬಹುದೆಂದು ಹೆದರಿದಳೋ.

“ಅವ್ವಾ, ನಾ ತಕರಾರು ಕಳಿಸಿದ್ರ ನಿನ್ನ ಆಪರೇಷನ್…”

“ನನ್ನ ಕೇಳಬ್ಯಾಡ,” ಎಂದಳು ರತ್ನವ್ವ ತಟ್ಟನೆ. “ಕೇಳಿದ್ರ ಬ್ಯಾಡ ಅಂತೀನಿ. ನಂಗ ಸಾಯಾಕ ಹೆದರಿಕಿ ಐತಿ. ನಿಂಗಪ್ಪ ಹೆಂಗ ಒದ್ದಾಡಿದಾ ಅಂತ ನಾ ನೋಡೀನಿ.” ಅವಳ ಕಣ್ಣು ತುಂಬಿದವು. “ಕೇಳಬ್ಯಾಡ. ನಿನಗ ಏನ್ ಮಾಡಬೇಕು ಅದನ್ನ ಮಾಡ್ಕೊಂಡು ಬಾ.”

ಶಾಂಭವಿ ಕೇಳಲಿಲ್ಲ. ಮರುದಿನ ಬೆಳಿಗ್ಗೆ ಕಚೇರಿಗೆ ಹೋಗಿ ಫಯಾಜನ ಪ್ರಯೋಗದ ವಿವರ ಸೇರಿಸಿ ಪ್ರಾಧಿಕಾರಕ್ಕೆ ಆಕ್ಷೇಪಣೆ ಕಳಿಸಿದಳು.  ಮಧ್ಯಾಹ್ನ ಆಸ್ಪತ್ರೆಯಿಂದ ಸಂದೇಶ ಬಂತು. ರತ್ನವ್ವ ಛತ್ರದ ಅವರ ಶಸ್ತ್ರಚಿಕಿತ್ಸೆ ರದ್ದಾಗಿದೆ. ಸಂಜೆ ಶಾಂಭವಿಯ ಪ್ರವೇಶ ಚೀಟಿಯೂ ರದ್ದಾಯಿತು. ತನಿಖೆ ಮುಗಿಯುವ ತನಕ ಅಮಾನತು.

ಹೊಸ ಆವೃತ್ತಿ ನಿಂತಿತು. ಅದು ನಿಂತದ್ದು ಯಾರಿಗೂ ಕಾಣಿಸಲಿಲ್ಲ. ಹಾವೇರಿಯ, ಹಳ್ಳಿಹಳ್ಳಿಯ ಹೆಂಗಸರು ಎಂದಿನಂತೆ ಒಗ್ಗರಣೆ ಹಾಕಿದರು, ಎಂದಿನಂತೆ ಸರದಿಯಲ್ಲಿ ನಿಂತು ಔಷಧ ಪಡೆದರು.

ಶುಕ್ರವಾರ ಆಪರೇಷನ್ ಆಗಲಿಲ್ಲ. ಆಮೇಲಿನ ದಿನಗಳಲ್ಲಿ ಶಾಂಭವಿ ಅವ್ವನ ಮುಖವನ್ನೇ ಕಾಯುತ್ತ ಕೂತಳು. ತುತ್ತು ನುಂಗುವಾಗ ಹುಬ್ಬು ಗಂಟಿಕ್ಕಿದರೆ ಎದ್ದು ಪಕ್ಕಕ್ಕೆ ಬರುತ್ತಿದ್ದಳು. ಒಂದು ಮಧ್ಯಾಹ್ನ ರತ್ನವ್ವನ ಕಣ್ಣಿನ ಬಿಳಿ ಅರಿಸಿನವಾಗಿತ್ತು. ಮೈ ಕಾದು, ಹಲ್ಲು ಕಟಕಟಿಸಿತು. ಮೊದಲ ಆಸ್ಪತ್ರೆಯ ಬಾಗಿಲಲ್ಲಿ ಅಂಕ ನೋಡಿ ಕೈ ಅಲ್ಲಾಡಿಸಿದರು. ಎರಡನೆಯದರಲ್ಲಿ ಕೂರಿಸಿ, ಆಮೇಲೆ ಎಬ್ಬಿಸಿದರು. ಆಟೋದಲ್ಲಿ ಅವ್ವನ ತಲೆ ತೊಡೆಯ ಮೇಲಿಟ್ಟುಕೊಂಡು ಶಾಂಭವಿ ಮನಸ್ಸಿನಲ್ಲೇ ಒಂದು ಮಾತನ್ನು ಜಗಿಯುತ್ತಿದ್ದಳು: ಇದು ನಾನೇ ಮಾಡಿದ್ದು. ಈಗ ಅವ್ವ ಹೋದರೆ ಮಾದರಿ ಅದನ್ನೂ ಎಣಿಸಿಕೊಳ್ಳುತ್ತದೆ, ನೋಡಿ, ನಾನು ಹೇಳಿರಲಿಲ್ಲವೇ ಎಂದು.

ಫಯಾಜ್ ಫೋನು ಮಾಡಿದ. ಅವನ ಅಕ್ಕ ನರ್ಸಾಗಿದ್ದ ತಾಲ್ಲೂಕು ಆಸ್ಪತ್ರೆಯಲ್ಲಿ ಒಬ್ಬ ಸರ್ಜನ್ ಹೆಂಗಸು, ಸರೋಜಿನಿ ಹೊಂಬಳ, ತುರ್ತು ಎಂದು ಬರೆದುಕೊಂಡು ಕೆಲವೊಮ್ಮೆ ಕೆಂಪಿನವರನ್ನು ತೆಗೆದುಕೊಳ್ಳುತ್ತಾರಂತೆ. ಆಟೋ ಅಲ್ಲಿಗೆ ತಿರುಗಿತು. ಡಾಕ್ಟರು ರತ್ನವ್ವನ ಕಣ್ಣುರೆಪ್ಪೆ ಎಳೆದು ನೋಡಿ ಗಡುಸಾಗಿ ಕೇಳಿದರು, “ಇಷ್ಟು ದಿನ ಏನ್ ಮಾಡ್ತಿದ್ರಿ?”  ಉತ್ತರಕ್ಕೆ ಕಾಯದೆ ಆಪರೇಷನ್ ಕೋಣೆಗೆ ಹೋದರು.

ರತ್ನವ್ವ ಉಳಿದಳು. ಅರ್ಧ ಮೈ ಇಳಿದು, ಗೋಡೆ ಹಿಡಿದು ನಡೆಯುವ ಹಾಗಾಗಿ, ಆದರೂ ಉಳಿದಳು.

*

ಪ್ರಾಧಿಕಾರದ ತೀರ್ಮಾನ ಬೇಸಿಗೆಯಲ್ಲಿ ಬಂತು. ಬ್ಯಾಡಗಿಯ ಒಂದಷ್ಟು ಜನರನ್ನು ಬೇರೆ ಊರಲ್ಲಿ ಇರಿಸಿ ಮತ್ತೆ ಉಸಿರು ಬಿಡಿಸಿ ನೋಡಿದ್ದರು. ಎಲ್ಲರೂ ಹಸಿರಾಗಲಿಲ್ಲ. ಹೆಚ್ಚಿನವರು ಆದರು. ಕಟ್ಟಿಯವರು ತಾವಾಗಿಯೇ ಹೋಗಿ ಸಾಕ್ಷಿ ಹೇಳಿ, ಕೆಲಸ ಬಿಟ್ಟರು. ಬ್ಯಾಡಗಿಯ ಕನ್ನಡಿಗಳನ್ನು ಗೋಡೆಯಿಂದ ಕಿತ್ತರು. ಶೇಷಾಂಕ ನೋಡಿ ಸರದಿ ಕೊಡುವುದನ್ನು ರಾಜ್ಯವಿಡೀ ನಿಲ್ಲಿಸಬೇಕೋ ಎಂಬ ಚರ್ಚೆ ಇನ್ನೂ ನಡೆದಿತ್ತು.

ತೀರ್ಮಾನವನ್ನು ಊರಿನವರಿಗೆ ತಿಳಿಸಬೇಕೆಂದು ಪ್ರಾಧಿಕಾರದವರು ಶಾಂಭವಿಯನ್ನೇ ಕೇಳಿದರು. ಅವಳು ಒಪ್ಪಿಕೊಂಡಳು. 

ಮಾರುಕಟ್ಟೆ ಅಂಗಳದಲ್ಲಿ ಹರಾಜು ಮುಗಿದ ಮೇಲೆ ಜನ ಸೇರಿದರು. ಹೆಂಗಸರು ಖಾಲಿ ಚೀಲಗಳ ಮೇಲೆ ಕೂತರು. ರತ್ನವ್ವ ಮುಂದಿನ ಸಾಲಿನಲ್ಲಿದ್ದಳು. ಶಾಂಭವಿ ನಿಂತುಕೊಂಡು, ಕನ್ನಡಿ ಎಲ್ಲಿ ತಪ್ಪಿತು, ಆ ತಪ್ಪನ್ನು ನೋಡಿ ಆಸ್ಪತ್ರೆಯವರು ಏನು ಮಾಡಿದರು, ಅದನ್ನು ನೋಡಿ ಕನ್ನಡಿ ಮತ್ತೇನು ಕಲಿಯಿತು ಎಂದು ಊರ ಮಾತಿನಲ್ಲೇ ಹೇಳಿದಳು.  ಗದ್ದಲವಾದರೆ ಆಗಲಿ, ಕಲ್ಲು ಬಿದ್ದರೆ ಬೀಳಲಿ ಎಂದು ಸಿದ್ಧವಾಗಿ ಬಂದಿದ್ದಳು.

ಹಿಂದಿನಿಂದ ಒಬ್ಬಳು ಎದ್ದಳು. ಹನುಮವ್ವ ಕಾಕಿ. ನಿಂಗಪ್ಪನ ಹೆಂಡತಿ.

“ನೀ ಅಷ್ಟೆಲ್ಲಾ ಹೇಳಿದ್ದು ನಂಗ ತಿಳೀಲಿಲ್ಲ ತಂಗಿ,” ಎಂದಳು. “ಒಂದ ಹೇಳು. ವ್ಯಾಳ್ಯಾಕ್ಕ ಕೊಯ್ದಿದ್ರ ನಮ್ಮನೆಯವ್ರು ಬದುಕ್ತಿದ್ರೇನು?”

ಬರುವ ದಾರಿಯುದ್ದಕ್ಕೂ ಶಾಂಭವಿ ಹೆದರಿದ್ದು ಇದಕ್ಕೇ. ಸಂಭವನೀಯತೆ ಎನ್ನಬಹುದಿತ್ತು. ಒಬ್ಬೊಬ್ಬರ ಬಗ್ಗೆ ಖಚಿತವಾಗಿ ಹೇಳಲಾಗದು ಎನ್ನಬಹುದಿತ್ತು. ಅವಳು ಓದಿದ ಓದು ಅದನ್ನೇ ಹೇಳಿಕೊಟ್ಟಿತ್ತು, ಅದು ಸುಳ್ಳೂ ಆಗಿರಲಿಲ್ಲ. ಆದರೆ ಹರ್ನಿಯಾಕ್ಕೆ ಸರಿಹೊತ್ತಿಗೆ ಚಿಕಿತ್ಸೆ ಸಿಕ್ಕ ಗಟ್ಟಿ ಆಳು ಯಾರೂ ಸಾಯುವುದಿಲ್ಲ.

“ಬದುಕ್ತಿದ್ರು ಕಾಕಿ,” ಎಂದಳು. ದನಿ ತನ್ನ ಕಿವಿಗೇ ಸರಿಯಾಗಿ ಬೀಳಲಿಲ್ಲ.

ಹನುಮವ್ವ ಅಳಲಿಲ್ಲ. ಸುತ್ತ ಕೂತವರನ್ನೆಲ್ಲ ಒಮ್ಮೆ ನೋಡಿದಳು. ಗಂಡ ಹೋದ ಮೇಲೆ, ಹೆಂಗಿದ್ದರೂ ಹೋಗುವವನಿದ್ದ ಬಿಡು ಎಂದು ಸಮಾಧಾನ ಹೇಳಿದವರು ಅವರೆಲ್ಲ.

“ಇನ್ನೊಮ್ಮೆ ಹೇಳು,” ಎಂದಳು. “ಎಲ್ಲಾರಿಗೂ ಕೇಳೂ ಹಂಗ ಹೇಳು.”

ಶಾಂಭವಿ ಉಸಿರು ಎಳೆದುಕೊಂಡು ಗಟ್ಟಿಯಾಗಿ ಹೇಳಿದಳು. “ನಿಂಗಪ್ಪ ಕಾಕಾ ಬದುಕ್ತಿದ್ದ.”

ಹನುಮವ್ವ ಕೂತಳು. ಅವಳು ಕೂರುತ್ತಿದ್ದ ಹಾಗೆ ಅಂಗಳದ ಆಚೆ ಕಡೆಯಿಂದ ಶೋಭಾಳ ತಾಯಿ ಚೀಲದ ಮೇಲೆ ಕೈಯೂರಿ ಮೆಲ್ಲಗೆ ಎದ್ದು ನಿಂತಳು. ಅವಳ ಹಿಂದೆ ಇನ್ನೊಬ್ಬರು ಎದ್ದರು.